ಘಾಟಿನ ಕಣ್ಣೀರು, ನೋಟದ ಕಣ್ಣೀರು

ಮಾಘಮಾಸದ ಬೆಳಗಿನಲ್ಲಿ ಬ್ಯಾಡಗಿಯ ರೈಲು ನಿಲ್ದಾಣದಲ್ಲಿ ಇಳಿದು ಮೆಣಸಿನಕಾಯಿಯ ಮಾರುಕಟ್ಟೆಯತ್ತ ಹೆಜ್ಜೆ ಹಾಕುವವನಿಗೆ, ಆ ಪ್ರಾಂಗಣವು ಕಣ್ಣಿಗೆ ಬೀಳುವುದಕ್ಕೆ ಮೊದಲೇ ಅದರ ವಾರ್ತೆಯನ್ನು ಮೂಗು ತಂದು ಮುಟ್ಟಿಸುತ್ತದೆ. ಡಬ್ಬಿ, ಕಡ್ಡಿ ಎಂದು ಹೆಸರಾದ ಎರಡು ಬಗೆಯ ಕಾಯಿಗಳು ಚೀಲಚೀಲವಾಗಿ ಬಂದು ರಾಶಿಗೊಳ್ಳುವ ಆ ದಿನಗಳಲ್ಲಿ ಊರಿನ ಗಾಳಿಯೇ ಒಂದು ಬಗೆಯ ತೆಳು ಧೂಳಿನಿಂದ ಕೂಡಿ, ಹೊರಗಿನಿಂದ ಬಂದವನು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸೀನಿ, ಕೆಮ್ಮಿ, ಕಣ್ಣೊರೆಸಿಕೊಳ್ಳತೊಡಗುತ್ತಾನೆ. ನಾನೂ ಹಾಗೆಯೇ ಕಣ್ಣೊರೆಸಿಕೊಳ್ಳುತ್ತ ಮಿತ್ರರೊಬ್ಬರ ದಲಾಲಿ ಅಂಗಡಿಯ ಹಿಂಭಾಗಕ್ಕೆ ಹೋದಾಗ, ಅಲ್ಲಿ ಹತ್ತಾರು ಹೆಣ್ಣುಮಕ್ಕಳ ನಡುವೆ ಕೆಂಪು ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದ ಅವರ ಅಕ್ಕ ನನ್ನ ಅವಸ್ಥೆಯನ್ನು ಕಂಡು, "ಏನ್ ತಮ್ಮಾ, ಬ್ಯಾಡಗಿಗೆ ಬಂದ ಕೂಡ್ಲೇ ಅಳಾಕ ಹತ್ತಿದಿ?" ಎಂದು ಕೇಳಿದರು. ಅವರ ಕಣ್ಣುಗಳು ಒಣಗಿಯೇ ಇದ್ದವು. ಅಂದು ಸಂಜೆ ಹಾವೇರಿಯ ಸಭಾಂಗಣವೊಂದರ ಕತ್ತಲೆಯಲ್ಲಿ, ಯಾವ ಘಾಟೂ ಇಲ್ಲದ ಗಾಳಿಯಲ್ಲಿ, ಬಿಳಿಯ ಪರದೆಯ ಮೇಲೆ ಚಲಿಸುವ ಬೆಳಕು ನೆರಳುಗಳನ್ನು ನೋಡುತ್ತ ಅದೇ ಅಕ್ಕನವರು ಸೆರಗನ್ನು ಬಾಯಿಗೊತ್ತಿ ಬಿಕ್ಕಿ ಬಿಕ್ಕಿ ಅತ್ತರು. ಒಂದೇ ಜಾತಿಯ ಗ್ರಂಥಿಯಿಂದ ಒಂದೇ ದಿನ ಇಳಿದ ಈ ಎರಡು ಬಗೆಯ ನೀರಿನ ಭೇದವನ್ನು ವಿಚಾರಿಸುವುದು ಈ ಅಧ್ಯಾಯದ ಉದ್ದೇಶ.

ಘಾಟಿನ ಕಣ್ಣೀರಿನ ಕಥೆ ಸರಳವಾದುದು. ಬ್ಯಾಡಗಿಯ ಕಾಯಿ ಬಣ್ಣಕ್ಕೆ ಹೆಸರಾದುದೇ ಹೊರತು ಖಾರಕ್ಕೆ ಹೆಸರಾದುದಲ್ಲ. 2011ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಸೂಚಿಕೆಯ ಮನ್ನಣೆಗೂ ಅದರ ಗಾಢವಾದ ಕೆಂಪು, ಸುಕ್ಕುಗಟ್ಟಿದ ಸಿಪ್ಪೆ ಮತ್ತು ಸೌಮ್ಯವಾದ ಖಾರವೇ ಆಧಾರ. ಆದರೂ ಸಹಸ್ರಾರು ಚೀಲಗಳು ಒಂದೆಡೆ ಕೂಡಿ, ಒಣಗಿದ ಕಾಯಿಗಳು ಮುರಿದು ಪುಡಿಯಾದಾಗ, ಅವುಗಳೊಳಗಿನ ಕ್ಯಾಪ್ಸೈಸಿನ್ ಎಂಬ ದ್ರವ್ಯ ಧೂಳಿನೊಡನೆ ಗಾಳಿಗೇರಿ ಕಣ್ಣಿನ ಪೊರೆಯ ನರತುದಿಗಳನ್ನು ಮುಟ್ಟುತ್ತದೆ. ಆ ತುದಿಗಳಲ್ಲಿ ಬಿಸಿಯನ್ನು ಗ್ರಹಿಸುವುದಕ್ಕಾಗಿ ನಿಸರ್ಗವು ಇರಿಸಿರುವ ಒಂದು ಪುಟ್ಟ ಬಾಗಿಲಿದ್ದು, ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಉಷ್ಣಕ್ಕೆ ತೆರೆಯಬೇಕಾದ ಆ ಬಾಗಿಲು ಕ್ಯಾಪ್ಸೈಸಿನ್ ಬಂದು ತಟ್ಟಿದರೂ ತೆರೆದುಕೊಳ್ಳುತ್ತದೆಂಬುದನ್ನು 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಆ ಕಾರ್ಯಕ್ಕಾಗಿ 2021ರ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ ಪಾಲು ಪಡೆದರು. ಬೆಂಕಿಯಿಲ್ಲದ ಕಡೆ ಬೆಂಕಿಯಿದೆಯೆಂದು ಕಣ್ಣು ನಂಬುತ್ತದೆ, ನಂಬಿ ನೀರು ಸುರಿಸುತ್ತದೆ. ಇನ್ನು ಅಕ್ಕನವರ ಕಣ್ಣು ಒಣಗಿದ್ದುದಕ್ಕೂ ಕಾರಣವುಂಟು: ಅದೇ ದ್ರವ್ಯವು ಮತ್ತೆ ಮತ್ತೆ ಬಂದು ತಟ್ಟಿದರೆ ನರತುದಿ ಕ್ರಮೇಣ ಮರಗಟ್ಟಿ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಹಂಗೇರಿಯ ಔಷಧಶಾಸ್ತ್ರಜ್ಞ ಮಿಕ್ಲೋಶ್ ಯಾಂಚೊ 1940ರ ದಶಕದಲ್ಲಿಯೇ ಗುರುತಿಸಿದ ಈ ಮರಗಟ್ಟುವಿಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಕಣ್ಣಿನ ವಿಷಯದಲ್ಲಲ್ಲ, ಮನಸ್ಸಿನ ವಿಷಯದಲ್ಲಿ ಅದು ನಮಗೆ ಮತ್ತೆ ಎದುರಾಗುವುದು.

ಆ ಸಂಜೆ ನಾವು ನೋಡಿದ್ದು ಸ್ಟೀವನ್ ಸ್ಪೀಲ್‌ಬರ್ಗ್ 1993ರಲ್ಲಿ ನಿರ್ಮಿಸಿದ 'ಷಿಂಡ್ಲರ್ಸ್ ಲಿಸ್ಟ್'. ನಾಜಿಗಳ ಆಳ್ವಿಕೆಯಲ್ಲಿ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದ ಆ ಮಹಾ ನರಮೇಧದ ನಡುವೆ, ತನ್ನ ಕಾರ್ಖಾನೆಯ ಕೆಲಸಗಾರರೆಂಬ ನೆಪದಲ್ಲಿ ಸಾವಿರಕ್ಕೂ ಮಿಕ್ಕ ಜನರನ್ನು ಉಳಿಸಿಕೊಂಡ ಓಸ್ಕರ್ ಷಿಂಡ್ಲರ್ ಎಂಬ ಜರ್ಮನ್ ವ್ಯಾಪಾರಿಯ ಕಥೆ ಅದು. ಮೂರು ಗಂಟೆಗೂ ಮಿಕ್ಕ ಚಿತ್ರ, ಬಹುಮಟ್ಟಿಗೆ ಕಪ್ಪು ಬಿಳುಪಿನದು. ನೆರೆದವರಲ್ಲಿ ಇಂಗ್ಲಿಷನ್ನು ಅನುಸರಿಸಬಲ್ಲವರು ವಿರಳವಾದುದರಿಂದ, ಪರದೆಯ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ವಿವರಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಕ್ರಾಕೋ ನಗರದ ಯೆಹೂದ್ಯರ ಕೇರಿಯನ್ನು ಸೈನಿಕರು ಬರಿದುಗೊಳಿಸುವ ದೃಶ್ಯ ಬಂತು. ಕಪ್ಪು ಬಿಳುಪಿನ ಆ ಗೊಂದಲದ ನಡುವೆ ಕೆಂಪು ಕೋಟು ತೊಟ್ಟ ನಾಲ್ಕೈದು ವರ್ಷದ ಒಂದು ಹುಡುಗಿ, ಯಾರ ಕೈಯನ್ನೂ ಹಿಡಿಯದೆ, ಒಬ್ಬಳೇ ಬೀದಿಯಲ್ಲಿ ನಡೆದುಹೋಗುತ್ತಾಳೆ. ಆ ಗಳಿಗೆಯಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡಲಾರೆ. ಜನರಿಗೆ ತಿಳಿಯಲಿ ಎಂಬ ಆಸೆಯಿಂದ, ಇದು 1943ರ ಮಾರ್ಚ್ 13ರಂದು ಆರಂಭವಾದ ಘಟನೆ, ಇಂತಿಷ್ಟು ಜನರನ್ನು ಇಂಥ ಶಿಬಿರಕ್ಕೆ ಕಳುಹಿಸಿದರು, ಆಡಳಿತದ ಕ್ರಮ ಹೀಗಿತ್ತು ಎಂದು ನಾನು ಒಂದೇ ಸಮನೆ ಹೇಳುತ್ತ ಹೋದೆ. ಹೇಳುತ್ತಿದ್ದಂತೆಯೇ ಸಭೆಯ ಮೇಲೆ ಅದುವರೆಗೆ ಕವಿದಿದ್ದ ಬಿಗಿಮೌನ ಸಡಿಲಿ, ಅಲ್ಲೊಬ್ಬರು ಕೆಮ್ಮಿದರು, ಇಲ್ಲೊಬ್ಬರು ಕಾಲು ಚಾಚಿದರು. ಅಕ್ಕನವರಂಥ ಕೆಲವರು ನನ್ನ ಮಾತಿಗೆ ಕಿವಿಗೊಡದೆ ಆ ಕೂಸನ್ನೇ ನೋಡುತ್ತಿದ್ದರು, ಅತ್ತವರು ಅವರೇ.

ನನ್ನ ಈ ತಪ್ಪಿಗೆ ಶಾಸ್ತ್ರೀಯವಾದ ನಿದರ್ಶನವೊಂದಿದೆ ಎಂಬುದು ತರುವಾಯ ತಿಳಿಯಿತು. ಬರ್ಕ್ಲಿಯ ರಿಚರ್ಡ್ ಲಾಜರಸ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಹೋದ್ಯೋಗಿಗಳು 1964ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಸ್ಟ್ರೇಲಿಯದ ಆದಿವಾಸಿ ಪಂಗಡವೊಂದರ ಹುಡುಗರಿಗೆ ಕಲ್ಲಿನಿಂದ ಗಾಯ ಮಾಡಿ ನಡೆಸುವ ಸಂಸ್ಕಾರದ ಮೂಕಚಿತ್ರವೊಂದನ್ನು ನೋಡುಗರ ಬೇರೆ ಬೇರೆ ಗುಂಪುಗಳಿಗೆ ತೋರಿಸಲಾಯಿತು. ಚಿತ್ರ ಒಂದೇ, ಜೊತೆಗೆ ಕೇಳಿಸಿದ ಧ್ವನಿ ಮಾತ್ರ ಬೇರೆ. ಒಂದು ಗುಂಪಿಗೆ ಯಾವ ಮಾತೂ ಇಲ್ಲ. ಒಂದಕ್ಕೆ ನೋವು ಎಷ್ಟು ಭೀಕರವೆಂಬುದನ್ನು ಒತ್ತಿ ಹೇಳುವ ಮಾತು. ಒಂದಕ್ಕೆ, ಹುಡುಗರು ಸಂತೋಷದಿಂದಲೇ ಇದಕ್ಕೆ ಒಪ್ಪಿದ್ದಾರೆ, ಅಂಥ ನೋವೇನೂ ಇಲ್ಲ ಎಂದು ನಿರಾಕರಿಸುವ ಮಾತು. ಮತ್ತೊಂದಕ್ಕೆ, ಮಾನವಶಾಸ್ತ್ರದ ಪಂಡಿತನು ದೂರದಿಂದ ನಿಂತು ವರ್ಣಿಸುವಂಥ ತಣ್ಣನೆಯ ಮಾತು. ನೋಡುಗರ ನಾಡಿಬಡಿತವನ್ನೂ, ಅಂಗೈಯ ಬೆವರಿನಿಂದ ಏರಿಳಿಯುವ ಚರ್ಮದ ವಿದ್ಯುದ್ವಾಹಕತೆಯನ್ನೂ ಅಳೆದು ನೋಡಿದಾಗ, ಒತ್ತಿ ಹೇಳಿದ ಮಾತು ಉದ್ವೇಗವನ್ನು ಹೆಚ್ಚಿಸಿತ್ತು. ನಿರಾಕರಣೆಯ ಮಾತೂ ಪಾಂಡಿತ್ಯದ ಮಾತೂ ಅದನ್ನು ತಗ್ಗಿಸಿದ್ದವು. ಕಣ್ಣು ಕಂಡದ್ದು ನೇರವಾಗಿ ಹೃದಯಕ್ಕೆ ಇಳಿಯುವುದಿಲ್ಲ, ಕಂಡದ್ದಕ್ಕೆ ಬುದ್ಧಿ ಕೊಡುವ ಅರ್ಥದ ಮೂಲಕವೇ ಇಳಿಯುತ್ತದೆ ಎಂಬುದು ಲಾಜರಸ್ ಅವರ ಸಿದ್ಧಾಂತ.

ಈ ಪ್ರಯೋಗವನ್ನು ಓದಿದ ದಿನ ನಾನು ಬಹಳ ಹೊತ್ತು ಪುಸ್ತಕವನ್ನು ಮುಚ್ಚಿ ಕುಳಿತಿದ್ದೆ. ಏಕೆಂದರೆ ನಾಜಿಗಳು ತಮ್ಮ ಕೃತ್ಯಕ್ಕೆ ಕಟ್ಟಿಕೊಂಡಿದ್ದ ಭಾಷೆಯೂ ಅದೇ ಜಾತಿಯದು. ಕೊಲೆಯೆಂಬ ಮಾತು ಅವರ ಕಡತಗಳಲ್ಲಿ ಬರುವುದೇ ಅಪರೂಪ. ಅಲ್ಲಿರುವುದು 'ಅಂತಿಮ ಪರಿಹಾರ', 'ಪೂರ್ವಕ್ಕೆ ಸ್ಥಳಾಂತರ', 'ವಿಶೇಷ ಉಪಚಾರ' ಎಂಬ ಮೃದುವಾದ ಮಾತುಗಳು. ಪ್ರಯೋಗಶಾಲೆಯಲ್ಲಿ ನೋಡುಗನ ನಾಡಿಯನ್ನು ತಗ್ಗಿಸಿದ ಆ ನಿರಾಕರಣೆಯ ಧ್ವನಿಯನ್ನು, ಆ ಪ್ರಯೋಗಕ್ಕೂ ಇಪ್ಪತ್ತು ವರ್ಷಗಳ ಹಿಂದೆ, ಒಂದು ರಾಜ್ಯಯಂತ್ರವು ತನ್ನ ಲಕ್ಷಾಂತರ ಗುಮಾಸ್ತರ, ರೈಲ್ವೆ ನೌಕರರ, ಸೈನಿಕರ ಕಿವಿಯಲ್ಲಿ ನಿತ್ಯವೂ ನುಡಿಯುತ್ತಿತ್ತು. ತಿಳಿವಳಿಕೆ ಕೊಡುವ ಮಾತು ಯಾವಾಗ ಮರಗಟ್ಟಿಸುವ ಮಾತಾಗುತ್ತದೆ ಎಂಬುದನ್ನು ಹೇಳುವವನು ಎಚ್ಚರದಿಂದ ನೋಡಿಕೊಳ್ಳಬೇಕಾಗುತ್ತದೆ.

ತಿಂಗಳೊಪ್ಪತ್ತಿನ ಮೇಲೆ ಅದೇ ಚಿತ್ರವನ್ನು ರಾಣೆಬೆನ್ನೂರಿನಲ್ಲಿ ತೋರಿಸುವ ಸಂದರ್ಭ ಬಂದಾಗ ನಾನು ಕ್ರಮವನ್ನು ಬದಲಿಸಿದೆ. ಹೇಳಬೇಕಾದ ಇತಿಹಾಸವನ್ನೆಲ್ಲ ಚಿತ್ರ ಆರಂಭವಾಗುವುದಕ್ಕೆ ಮೊದಲೇ ಅರ್ಧ ಗಂಟೆ ಹೇಳಿ, ದೀಪ ಆರಿದ ಮೇಲೆ ಬಾಯಿ ತೆರೆಯಲಿಲ್ಲ. ಅಲ್ಲಿನ ಒಬ್ಬ ಶಿಕ್ಷಕಿ ತಮ್ಮ ದೊಡ್ಡ ತರಗತಿಯ ಮಕ್ಕಳಿಂದ ನೇಮಿಚಂದ್ರ ಅವರ 'ಯಾದ್ ವಶೇಮ್' ಕಾದಂಬರಿಯ ಭಾಗಗಳನ್ನು ಮುಂಚಿತವಾಗಿಯೇ ಓದಿಸಿ ಕರೆತಂದಿದ್ದರು. ಜರ್ಮನಿಯಿಂದ ತಪ್ಪಿಸಿಕೊಂಡು ತಂದೆಯೊಡನೆ ಬೆಂಗಳೂರಿಗೆ ಬಂದು, ಕನ್ನಡದ ಮನೆಯೊಂದರಲ್ಲಿ ಬೆಳೆಯುವ ಯೆಹೂದ್ಯ ಹುಡುಗಿಯ ಕಥೆಯನ್ನು ಬಲ್ಲ ಆ ಮಕ್ಕಳಿಗೆ ಪರದೆಯ ಮೇಲಿನ ಮುಖಗಳು ಅಪರಿಚಿತವಾಗಿರಲಿಲ್ಲ. ಭಾಷೆ ಅರ್ಥವಾಗದಿದ್ದರೂ ಸಭೆ ಮೂರು ಗಂಟೆ ಅಲುಗಲಿಲ್ಲ. ಚಿತ್ರ ಮುಗಿದು ದೀಪ ಹತ್ತಿದಾಗ ಯಾರೂ ಏಳಲಿಲ್ಲ. ಪರಿಚಯವಿಲ್ಲದವರು ಒಬ್ಬರ ಪಕ್ಕದಲ್ಲೊಬ್ಬರು ಸುಮ್ಮನೆ ಕುಳಿತಿದ್ದರು. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2016ರಲ್ಲಿ ವರದಿ ಮಾಡಿದಂತೆ, ದುಃಖಕರವಾದ ಚಿತ್ರವನ್ನು ಜೊತೆಗೂಡಿ ನೋಡಿದವರು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕುಕ್ಕರಿಸಿ ಕೂರುವ ನೋವನ್ನು ಚಿತ್ರದ ಮೊದಲಿಗಿಂತ ಹೆಚ್ಚು ಹೊತ್ತು ತಾಳಿಕೊಂಡರು. ಪಕ್ಕದಲ್ಲಿ ಕುಳಿತ ಅಪರಿಚಿತರೊಡನೆ ಹೆಚ್ಚಿನ ಆತ್ಮೀಯತೆಯನ್ನೂ ಅನುಭವಿಸಿದರು. ದೇಹವು ತನ್ನೊಳಗೇ ತಯಾರಿಸುವ ಎಂಡಾರ್ಫಿನ್ ಎಂಬ ನೋವು ನಿವಾರಕ ದ್ರವ್ಯ ಇದಕ್ಕೆ ಕಾರಣವೆಂದು ಅವರ ಊಹೆ.

ಇಷ್ಟರಿಂದ, ಅಳು ಒಳ್ಳೆಯದು, ಅತ್ತರೆ ಎದೆ ಹಗುರಾಗುತ್ತದೆ ಎಂಬ ಲೋಕೋಕ್ತಿಗೆ ಸಮರ್ಥನೆ ದೊರೆಯಿತೆನ್ನಬಹುದೆ? ವಿಚಾರ ಅಷ್ಟು ಸುಲಭವಾಗಿಲ್ಲ. ಘಾಟಿನ ಕಣ್ಣೀರಿಗೆ ಪ್ರೇರಣೆ ಮುಖದ ಸ್ಪರ್ಶವನ್ನು ಒಯ್ಯುವ ಐದನೆಯ ಮಿದುಳುನರದಿಂದ ಬಂದರೆ, ದುಃಖದ ಕಣ್ಣೀರಿಗೆ ಪ್ರೇರಣೆ ಮಿದುಳಿನ ಒಳಭಾಗದ ಭಾವಕೇಂದ್ರಗಳಿಂದ ಇಳಿದುಬರುತ್ತದೆ. ಗ್ರಂಥಿಯನ್ನು ಮುಟ್ಟುವ ಕೊನೆಯ ದಾರಿ ಮಾತ್ರ ಎರಡಕ್ಕೂ ಒಂದೇ. ಅಮೆರಿಕದ ವಿಲಿಯಂ ಫ್ರೇ ಎಂಬ ಜೀವರಸಾಯನಶಾಸ್ತ್ರಜ್ಞ, ಜನರಿಗೆ ದುಃಖದ ಸಿನಿಮಾ ತೋರಿಸಿ ಒಮ್ಮೆ, ಈರುಳ್ಳಿಯ ಘಾಟು ಕೊಟ್ಟು ಇನ್ನೊಮ್ಮೆ ಕಣ್ಣೀರನ್ನು ಸಂಗ್ರಹಿಸಿ, ದುಃಖದ ಕಣ್ಣೀರಿನಲ್ಲಿ ಪ್ರೋಟೀನಿನ ಅಂಶ ಹೆಚ್ಚೆಂದು 1981ರಲ್ಲಿ ಪ್ರಕಟಿಸಿದರು. ಅಳುವಿನ ಮೂಲಕ ದೇಹವು ಮನಃಕ್ಲೇಶದ ದ್ರವ್ಯಗಳನ್ನು ತೊಳೆದು ಹಾಕುತ್ತದೆಂಬ ಅವರ ಕಲ್ಪನೆ ಮನೋಹರವಾಗಿದ್ದರೂ ಸಿದ್ಧಪಟ್ಟಿಲ್ಲ. ಇದಕ್ಕಿಂತ ನಮಗೆ ಹತ್ತಿರವಾದುದು 2015ರಲ್ಲಿ ಗ್ರಾಚನಿನ್, ವಿಂಗರ್‌ಹುಟ್ಸ್ ಮೊದಲಾದವರು ಪ್ರಕಟಿಸಿದ ಪ್ರಯೋಗ. ಅವರು 60 ಜನರಿಗೆ ತೋರಿಸಿದ ಎರಡು ಚಿತ್ರಗಳಲ್ಲಿ ಒಂದು, ನಾಜಿ ಶಿಬಿರದೊಳಗೆ ಮಗನನ್ನು ಕಾಪಾಡುವ ತಂದೆಯ ಕಥೆಯಾದ 'ಲಾ ವೀಟಾ ಎ ಬೆಲ್ಲಾ' ಎಂಬ ಇಟಲಿಯ ಚಿತ್ರ. ಅತ್ತವರು 28 ಜನ, ಅಳದವರು 32 ಜನ. ಚಿತ್ರ ಮುಗಿದೊಡನೆ ಅತ್ತವರ ಮನಃಸ್ಥಿತಿ ಕುಸಿದಿತ್ತು, ಅಳದವರದು ಮೊದಲಿನಂತೆಯೇ ಇತ್ತು. 20 ನಿಮಿಷಗಳಲ್ಲಿ ಅತ್ತವರೂ ಮೊದಲಿನ ಸ್ಥಿತಿಗೆ ಮರಳಿದರು. 90 ನಿಮಿಷಗಳಾಗುವ ವೇಳೆಗೆ ಚಿತ್ರಕ್ಕೆ ಮೊದಲು ಇದ್ದುದಕ್ಕಿಂತಲೂ ಚೆನ್ನಾಗಿದ್ದರು. ಅಂದರೆ ಅಳು ಹಗುರಗೊಳಿಸುವುದು ನಿಜ, ಆದರೆ ಮೊದಲು ಭಾರವಾಗಿಸಿ, ಬಳಿಕ, ನಿಧಾನವಾಗಿ.

ಆ ಹಗುರಾಗುವಿಕೆಯ ಬಗ್ಗೆಯೇ ನನಗೆ ಸಂಶಯ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಹರಿಶ್ಚಂದ್ರನ ಆಟ ಕಟ್ಟಿದ ರಾತ್ರಿ, ಸ್ಮಶಾನದಲ್ಲಿ ಚಂದ್ರಮತಿ ಮಗನ ಹೆಣವನ್ನು ತೊಡೆಯ ಮೇಲಿರಿಸಿಕೊಂಡು ಪ್ರಲಾಪಿಸುವಾಗ ಅಳದ ಹೆಂಗಸರಿರಲಿಲ್ಲ. ಅತ್ತವರೇ ಮುಂದಿನ ವರ್ಷ ಅದೇ ಆಟಕ್ಕೆ ಮುಂಚಿತವಾಗಿ ಬಂದು ಚಾಪೆ ಹಾಸುತ್ತಿದ್ದರು. ದುಃಖವನ್ನು ಬಯಸಿ ಬರುವ ಈ ವಿಚಿತ್ರವನ್ನು ನಮ್ಮ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಗಮನಿಸಿ, ರಂಗದ ಶೋಕವು ನನ್ನದೂ ಅಲ್ಲದೆ, ಪರರದೂ ಅಲ್ಲದೆ, ಎಲ್ಲರದೂ ಆಗಿ ಸಾಧಾರಣೀಕರಣಗೊಳ್ಳುವುದರಿಂದ ಅದು ಆಸ್ವಾದ್ಯವಾದ ಕರುಣರಸವಾಗುತ್ತದೆಂದು ವಿವರಿಸಿದರು. ಭಟ್ಟನಾಯಕ, ಅಭಿನವಗುಪ್ತರ ಈ ವಿಚಾರವನ್ನು ಕನ್ನಡದ ಓದುಗರು ತೀ.ನಂ.ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಓದಿ ಬಲ್ಲರು. ಆದರೆ ಬೆಳಗಾಗುವುದರೊಳಗೆ ಲೋಹಿತಾಶ್ವನು ಎದ್ದು ಕೂರುತ್ತಾನೆ. ಕ್ರಾಕೋದ ಬೀದಿಯಲ್ಲಿ ಬಿದ್ದವರು ಏಳುವುದಿಲ್ಲ, ಅವರು ಕವಿಯ ಕಲ್ಪನೆಯವರೂ ಅಲ್ಲ. ಈ ಚಿತ್ರಗಳನ್ನು ನೋಡಿ ಅತ್ತು, ಮನೆಗೆ ಹೋಗಿ, ಹಗುರಾಗಿ ಮಲಗುವುದಾದರೆ ಆ ಹಗುರ ಯಾರ ಪಾಲಿನದು ಎಂಬ ಪ್ರಶ್ನೆ ರಸಶಾಸ್ತ್ರದ ಎಲ್ಲೆಯಿಂದ ಹೊರಗೆ ನಿಲ್ಲುತ್ತದೆ.

ಕಣ್ಣೀರು ಸಜ್ಜನಿಕೆಯ ಪ್ರಮಾಣವಲ್ಲವೆಂಬುದಕ್ಕೆ ಇತಿಹಾಸದಲ್ಲಿ ಒಂದು ಘೋರ ಸಾಕ್ಷ್ಯವುಂಟು. ನ್ಯೂರೆಂಬರ್ಗಿನ ನ್ಯಾಯಸಭೆಯಲ್ಲಿ, 1945ರ ನವೆಂಬರ್ 29ರಂದು, ಮಿತ್ರಸೈನ್ಯಗಳು ಶಿಬಿರಗಳನ್ನು ಹೊಕ್ಕಾಗ ತೆಗೆದ ಚಿತ್ರಗಳಿಂದ ಜೋಡಿಸಿದ ಒಂದು ಗಂಟೆಯ ಸಿನಿಮಾವನ್ನು ನಾಜಿ ನಾಯಕರ ಎದುರಿನಲ್ಲಿಯೇ ತೋರಿಸಲಾಯಿತು. ಸಭೆಯ ದೀಪಗಳನ್ನು ಆರಿಸಿದ್ದರೂ ಆರೋಪಿಗಳ ಕಟಕಟೆಯ ಮೇಲೆ ಮಂದವಾದ ಬೆಳಕನ್ನು ಉಳಿಸಿದ್ದರಿಂದ, ಸೆರೆಮನೆಯ ಮನಶ್ಶಾಸ್ತ್ರಜ್ಞ ಗುಸ್ಟಾವ್ ಗಿಲ್ಬರ್ಟ್ ಅವರ ಮುಖಗಳನ್ನು ನೋಡಿ ನೋಡಿ ಬರೆದುಕೊಂಡರು. ಶಾಖ್ಟ್ ಪರದೆಯತ್ತ ನೋಡಲೊಲ್ಲದೆ ಬೆನ್ನು ತಿರುಗಿಸಿದ. ಅಂದಿನವರೆಗೆ ತನಗೆ ಚೆನ್ನಾಗಿ ಸಾಗಿದ್ದ ಕಲಾಪವನ್ನು ಆ ಚಿತ್ರ ಕೆಡಿಸಿತೆಂದು ಗೋರಿಂಗ್ ಅಸಮಾಧಾನಪಟ್ಟ. ಫುಂಕ್ ಅತ್ತ. ಕೊಲ್ಲಲ್ಪಟ್ಟವರ ಬಾಯಿಯಿಂದ ಕಿತ್ತ ಚಿನ್ನದ ಹಲ್ಲುಗಳು ಯಾವ ಬ್ಯಾಂಕಿನ ಉಗ್ರಾಣಕ್ಕೆ ಹೋದವೋ, ಆ ರಾಜ್ಯಬ್ಯಾಂಕಿನ ಅಧ್ಯಕ್ಷನಾಗಿದ್ದವನೇ ಈ ಫುಂಕ್.

ಹಾಗಾದರೆ ಪರರ ನೋವನ್ನು ಕಂಡಾಗ ನಮ್ಮೊಳಗೆ ನಡೆಯುವುದಾದರೂ ಏನು? 2004ರಲ್ಲಿ ಟಾನಿಯಾ ಸಿಂಗರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ನಡೆಸಿದ ಪ್ರಯೋಗದಲ್ಲಿ, ಮಿದುಳನ್ನು ಚಿತ್ರಿಸುವ ಯಂತ್ರದಲ್ಲಿ ಮಲಗಿದ ಹೆಂಗಸಿಗೆ ಒಮ್ಮೆ ತನ್ನ ಕೈಗೆ, ಒಮ್ಮೆ ಪಕ್ಕದಲ್ಲಿ ಕುಳಿತ ಸಂಗಾತಿಯ ಕೈಗೆ ವಿದ್ಯುತ್ತಿನ ಚುರುಕು ತಗಲುವುದನ್ನು ತಿಳಿಸಲಾಗುತ್ತಿತ್ತು. ನೋವು ಎಲ್ಲಿ, ಎಷ್ಟು ಎಂಬುದನ್ನು ಗುರುತಿಸುವ ಭಾಗಗಳು ತನ್ನ ನೋವಿಗೆ ಮಾತ್ರ ಎಚ್ಚೆತ್ತವು. ನೋವಿನ ಅಸಹನೀಯತೆಯನ್ನು ಅನುಭವಿಸುವ ಭಾಗಗಳು ಸಂಗಾತಿಯ ನೋವಿಗೂ ಎಚ್ಚೆತ್ತವು. ಸಹಾನುಭೂತಿಯೆಂಬ ನಮ್ಮ ಹಳೆಯ ಪದದ ಅಕ್ಷರಾರ್ಥವೇ ಇದು: ಜೊತೆಯಲ್ಲಿ ಅನುಭವಿಸುವುದು. ಆದರೆ ಈ ಸಹಾನುಭೂತಿ ಮಾತ್ರವೇ ಬೆಳೆದರೆ ಮನುಷ್ಯ ಬಳಲಿ ಬೆಂಡಾಗುತ್ತಾನೆಂಬುದು ಅವರ ಮುಂದಿನ ಕಾರ್ಯದಿಂದ ತಿಳಿದುಬಂತು. ಫ್ರಾನ್ಸಿನಲ್ಲಿ ಜೀವವಿಜ್ಞಾನವನ್ನು ಅಭ್ಯಸಿಸಿ ಬೌದ್ಧ ಭಿಕ್ಷುವಾದ ಮಾತ್ಯೂ ರಿಕಾರ್ ಎಂಬವರು 2007ರಲ್ಲಿ ಸಿಂಗರ್ ಅವರ ಪ್ರಯೋಗಕ್ಕೆ ಒಳಗಾಗಿ, ರುಮೇನಿಯದ ಅನಾಥಾಲಯವೊಂದರ ಕೃಶರಾದ ಮಕ್ಕಳನ್ನು ಕುರಿತ ಸಾಕ್ಷ್ಯಚಿತ್ರವನ್ನು ನೆನೆದು, ಅವರ ನೋವನ್ನು ಮಾತ್ರ ತಮ್ಮದಾಗಿಸಿಕೊಂಡು ಕುಳಿತರು. ಬೇಗನೆ ಆ ಸ್ಥಿತಿ ದುಸ್ಸಹವಾಯಿತು. ಆಗ ಅದೇ ಮಕ್ಕಳನ್ನು ಮನಸ್ಸಿನಲ್ಲಿ ಹತ್ತಿರಕ್ಕೆ ಕರೆದು, ಅವರ ಒಳಿತನ್ನು ಬಯಸುವ ಕರುಣೆಯ ಧ್ಯಾನಕ್ಕೆ ತಿರುಗಿದೊಡನೆ ಬಳಲಿಕೆ ಕಳೆದು ಚೈತನ್ಯ ಮರಳಿತು. ಮಿದುಳಿನಲ್ಲಿಯೂ ಎಚ್ಚೆತ್ತ ಭಾಗಗಳು ಬೇರೆಯಾಗಿದ್ದವು. ಸಹಾನುಭೂತಿಯು ನೋವಿನ ನರಗಳನ್ನು ಮುಟ್ಟಿದರೆ ಕರುಣೆ ವಾತ್ಸಲ್ಯದ ನರಗಳನ್ನು ಮುಟ್ಟುತ್ತದೆ. ನಮ್ಮ ಹೆಣ್ಣುಮಕ್ಕಳು ದುಃಖದ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗದೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದುದರಲ್ಲಿ ಈ ಭೇದದ ಅರಿವು ಇತ್ತೆಂದು ನಾನು ತಿಳಿಯುತ್ತೇನೆ.

ಇನ್ನು ಮರಗಟ್ಟುವಿಕೆಯ ಮಾತು. 60 ಲಕ್ಷವೆಂಬ ಸಂಖ್ಯೆಯನ್ನು ಕೇಳಿದಾಗ ಏನೂ ಆಗದ ಮನಸ್ಸು ಒಂದು ಕೂಸಿನ ಮುಖಕ್ಕೆ ಕರಗುತ್ತದೆ. ಇದು ನಮ್ಮ ದೌರ್ಜನ್ಯವಲ್ಲ, ಮನಸ್ಸಿನ ರಚನೆ. ಹಿರೋಷಿಮಾದಲ್ಲಿ ಬದುಕುಳಿದವರನ್ನು ಕುರಿತು ಬರೆದ ರಾಬರ್ಟ್ ಜೇ ಲಿಫ್ಟನ್ ಬಳಕೆಗೆ ತಂದ 'ಮಾನಸಿಕ ಜಡತೆ'ಯ ಕಲ್ಪನೆಯನ್ನು ಪಾಲ್ ಸ್ಲೋವಿಕ್ ಮತ್ತು ಸಂಗಡಿಗರು ಪ್ರಯೋಗಗಳಿಂದ ಪರೀಕ್ಷಿಸಿದಾಗ, ನೆರವು ನೀಡುವ ಮನಸ್ಸು ಲಕ್ಷ, ಕೋಟಿಗಳಲ್ಲಿ ಮಾತ್ರವಲ್ಲ, ಒಂದು ಮಗುವಿನ ಪಕ್ಕದಲ್ಲಿ ಎರಡನೆಯ ಮಗುವನ್ನು ನಿಲ್ಲಿಸಿದಾಗಲೇ ಕ್ಷೀಣಿಸತೊಡಗುವುದು ಕಂಡುಬಂತು. ಪಶ್ಚಿಮ ಜರ್ಮನಿಯ ಜನ ಮೂವತ್ತು ವರ್ಷಗಳ ಕಾಲ ಅಂಕಿ ಅಂಶಗಳನ್ನೂ ಸಾಕ್ಷ್ಯಚಿತ್ರಗಳನ್ನೂ ನೋಡಿದ್ದರು. ಆದರೆ 1979ರ ಜನವರಿಯಲ್ಲಿ, ವೈಸ್ ಎಂಬ ಒಂದು ಕಲ್ಪಿತ ಕುಟುಂಬದ ಕಥೆಯಾದ 'ಹೋಲೋಕಾಸ್ಟ್' ಎಂಬ ಅಮೆರಿಕದ ದೂರದರ್ಶನ ಧಾರಾವಾಹಿ ನಾಲ್ಕು ರಾತ್ರಿ ಪ್ರಸಾರವಾದಾಗ, ಸುಮಾರು 2 ಕೋಟಿ ಜನ ಅದನ್ನು ನೋಡಿದರು, ಸಾವಿರಾರು ಜನ ದೂರವಾಣಿ ಮಾಡಿ ಅತ್ತರು, ಪ್ರಶ್ನಿಸಿದರು. ಅದೇ ವರ್ಷದ ಜುಲೈಯಲ್ಲಿ ಅಲ್ಲಿನ ಸಂಸತ್ತು ಕೊಲೆಯ ಅಪರಾಧಕ್ಕಿದ್ದ ಕಾಲಮಿತಿಯನ್ನು ತೆಗೆದುಹಾಕಿದ್ದರಿಂದ ನಾಜಿ ಕೊಲೆಗಡುಕರ ಮೇಲೆ ಮುಂದೆಯೂ ಮೊಕದ್ದಮೆ ಹೂಡುವುದು ಸಾಧ್ಯವಾಯಿತು. ಕಥೆಯನ್ನು ಅಗ್ಗದ ಭಾವುಕತೆಯೆಂದು ಪಂಡಿತರು ಹಳಿದದ್ದುಂಟು. ಅವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ, ಆದರೆ ಆ ಕಣ್ಣೀರಿಗೆ ಮಾಡುವುದಕ್ಕೆ ಒಂದು ಕೆಲಸ ದೊರೆತಿತ್ತೆಂಬುದನ್ನು ನಾನು ಮರೆಯಲಾರೆ.

ರಾಣೆಬೆನ್ನೂರಿನ ಆ ಶಿಕ್ಷಕಿಯ ವಿದ್ಯಾರ್ಥಿಗಳಲ್ಲಿ ಒಬ್ಬ ಹುಡುಗ, ಎಲ್ಲರೂ ಸುಮ್ಮನಿರುವಾಗ, ಕೇರಿಯನ್ನು ಬರಿದುಮಾಡಿದ ತಾರೀಖನ್ನು ಮತ್ತೊಮ್ಮೆ ಕೇಳಿ ಬರೆದುಕೊಂಡ. ಬೆರಳೆಣಿಸಿ, "ಸರ್, ನಮ್ಮ ಮೈಲಾರ ಮಹಾದೇವಪ್ಪನವ್ರು ತೀರಿದ್ದು ಅದಾಗಿ ಹತ್ತೊಂಬತ್ತು ದಿನಕ್ಕ" ಎಂದ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿ, 1930ರಲ್ಲಿ ಗಾಂಧೀಜಿಯೊಡನೆ ದಾಂಡಿಗೆ ನಡೆದು ಬಂದ ಮಹಾದೇವಪ್ಪನವರು, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣವಿದ್ದ ಠಾಣೆಯ ಮೇಲೆ ನಡೆಸಿದ ದಾಳಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಬಲಿಯಾದರು. ಹಾವೇರಿಯ ವೀರಸೌಧ ಆ ಮೂವರ ನೆನಪಿನದು. ಈ ಮೂರು ಹೆಸರುಗಳನ್ನು ನಮ್ಮ ಜಿಲ್ಲೆಯ ಮಕ್ಕಳು ಬಾಯಿಪಾಠವಾಗಿ ಬಲ್ಲರು. ಆ ಸಾವಿಗೂ ಈ ನರಮೇಧಕ್ಕೂ ಸಾಮ್ಯವನ್ನು ಕಲ್ಪಿಸುವುದು ಎರಡಕ್ಕೂ ಅನ್ಯಾಯ. ಆಯ್ದುಕೊಂಡು ಬಂದೂಕಿನೆದುರು ಹೋದವರು ಇವರು, ಆಯ್ಕೆಯೇ ಇಲ್ಲದೆ ಒಯ್ಯಲ್ಪಟ್ಟವರು ಅವರು. ಆದರೂ ಹುಡುಗ ಮಾಡಿದ್ದು ಸಾಮ್ಯವನ್ನಲ್ಲ. ತಾನು ಹೆಸರಿಟ್ಟು ಕರೆಯಬಲ್ಲ ಮೂವರು ಬದುಕಿದ್ದ ಕಾಲಕ್ಕೆ, ತಾನು ಹೆಸರರಿಯದ ಲಕ್ಷಾಂತರ ಜನರನ್ನು ತಂದು ಸೇರಿಸಿದ. ಸಂಖ್ಯೆಗೆ ಅಂದು ಒಂದು ಊರು ಸಿಕ್ಕಿತು.

ಕೆಂಪು ಕೋಟಿನ ಹುಡುಗಿ ಎಲ್ಲರ ನೆನಪಿನಲ್ಲಿ ಉಳಿದುದಕ್ಕೂ ಮನಶ್ಶಾಸ್ತ್ರದಲ್ಲಿ ಹೆಸರಿದೆ. ಒಂದೇ ಬಗೆಯ ಹಲವು ವಸ್ತುಗಳ ನಡುವೆ ಬೇರೆಯಾಗಿ ನಿಂತ ಒಂದು ವಸ್ತು ನೆನಪಿನಲ್ಲಿ ಉಳಿಯುವುದೆಂಬುದನ್ನು ಬರ್ಲಿನ್ ವಿಶ್ವವಿದ್ಯಾಲಯದ ಹೆಡ್ವಿಗ್ ಫಾನ್ ರೆಸ್ಟೋರ್ಫ್ ಎಂಬ ತರುಣಿ 1933ರಲ್ಲಿ ಪ್ರಕಟಿಸಿದರು. ಆ ವರ್ಷವನ್ನು ಗಮನಿಸಬೇಕು. ಹಿಟ್ಲರನು ಅಧಿಕಾರಕ್ಕೆ ಬಂದ ವರ್ಷವದು. ಆಕೆ ದುಡಿಯುತ್ತಿದ್ದ ಸಂಸ್ಥೆಯ ನಿರ್ದೇಶಕ ವೊಲ್ಫ್‌ಗಾಂಗ್ ಕೋಲರ್, ಯೆಹೂದ್ಯ ವಿದ್ವಾಂಸರನ್ನು ಹುದ್ದೆಗಳಿಂದ ಹೊರಹಾಕುತ್ತಿದ್ದುದನ್ನು ಪ್ರತಿಭಟಿಸಿ ಆ ಏಪ್ರಿಲಿನಲ್ಲಿ ಬಹಿರಂಗವಾಗಿ ವೃತ್ತಪತ್ರಿಕೆಗೆ ಬರೆದರು. ಗಟ್ಟಿಂಗೆನ್ನಿನಲ್ಲಿ ಭೌತವಿಜ್ಞಾನಿ ಜೇಮ್ಸ್ ಫ್ರಾಂಕ್ ಅದೇ ಕಾರಣಕ್ಕೆ ರಾಜೀನಾಮೆಯಿತ್ತರು. ಅಲ್ಲಿಯೇ ಪೀಠವನ್ನು ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರಕ್ಕೆ ಬಂದು ಸುಮಾರು ಆರು ತಿಂಗಳು ಇದ್ದರು. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ ಕೂಡ ಅದೇ ಬಿರುಗಾಳಿಯಿಂದ ತಪ್ಪಿಸಿಕೊಂಡವರು. ಬೇರೆಯಾಗಿ ಕಾಣುವುದು ನೆನಪಿಗೆ ಎಷ್ಟು ಹಿತವೋ ಬದುಕಿಗೆ ಅಷ್ಟು ಅಪಾಯವಾಗಿದ್ದ ಕಾಲವದು. ಮುಂದೆ ಕೆಲವೇ ವರ್ಷಗಳಲ್ಲಿ ಯೆಹೂದ್ಯರ ಎದೆಯ ಮೇಲೆ ಹಳದಿಯ ನಕ್ಷತ್ರ ಬಂದಿತು.

ಬ್ಯಾಡಗಿಯ ಅಕ್ಕನವರಿಗೆ ಆ ಕೋಟಿನ ಕೆಂಪು ಬಣ್ಣ ರಾತ್ರಿಗಳಲ್ಲಿ ಮರಳಿ ಬರತೊಡಗಿತು. ದಿನವಿಡೀ ಕೆಂಪಿನ ನಡುವೆಯೇ ಕುಳಿತವರು, ಮುಚ್ಚಿದ ಕಣ್ಣಿನೊಳಗೆ ಮೆಣಸಿನಕಾಯಿಯ ರಾಶಿಯನ್ನಲ್ಲ, ಆ ಅಂಗಿಯನ್ನೇ ಕಾಣುತ್ತೇನೆಂದರು. ಬೇಡದೆ ಬರುವ ಇಂಥ ಚಿತ್ರಗಳನ್ನು ಕುರಿತು ಎಮಿಲಿ ಹೋಮ್ಸ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದ್ದಾರೆ. ಆಘಾತಕರ ದೃಶ್ಯಗಳ ಚಿತ್ರವನ್ನು ನೋಡಿದ ಅರ್ಧ ಗಂಟೆಯ ಮೇಲೆ, ಬಣ್ಣದ ತುಂಡುಗಳನ್ನು ತಿರುಗಿಸಿ ಜೋಡಿಸುವ ಟೆಟ್ರಿಸ್ ಎಂಬ ಗಣಕಯಂತ್ರದ ಆಟವನ್ನು 10 ನಿಮಿಷ ಆಡಿದವರಿಗೆ, ಮುಂದಿನ ಒಂದು ವಾರದಲ್ಲಿ ಆ ದೃಶ್ಯಗಳು ಬೇಡದೆ ಮರುಕಳಿಸಿದ್ದು ಆಡದವರಿಗಿಂತ ಕಡಿಮೆ. ಚಿತ್ರದಲ್ಲಿ ನಡೆದುದರ ನೆನಪು ಮಾತ್ರ ಮಾಸಿರಲಿಲ್ಲ. ನೋಟದ ನೆನಪು ಹದಗೊಳ್ಳುವ ಮೊದಲ ಕೆಲವು ಗಂಟೆಗಳಲ್ಲಿ ಕಣ್ಣಿಗೂ ಕೈಗೂ ಕೂಡಿದ ಕೆಲಸವೊಂದಿದ್ದರೆ ಅದರ ಅಲಗು ಮೊಂಡಾಗುತ್ತದೆಂದು ಇದರಿಂದ ಊಹಿಸುತ್ತಾರೆ. ತದ್ವಿರುದ್ಧವಾಗಿ, 2013ರಲ್ಲಿ ಬಾಸ್ಟನ್ ನಗರದ ಓಟದ ಸ್ಪರ್ಧೆಯಲ್ಲಿ ಬಾಂಬು ಸಿಡಿದ ವಾರದಲ್ಲಿ, ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಆ ವಾರ್ತೆಯ ಚಿತ್ರಗಳನ್ನು ನೋಡಿದವರಲ್ಲಿ ಕಂಡ ತೀವ್ರ ಕ್ಲೇಶದ ಲಕ್ಷಣಗಳು ಸ್ಥಳದಲ್ಲಿಯೇ ಇದ್ದವರಿಗಿಂತ ಹೆಚ್ಚಾಗಿದ್ದವೆಂದು ಅಮೆರಿಕದ ಒಂದು ಅಧ್ಯಯನ ಹೇಳುತ್ತದೆ. ಒಮ್ಮೆ, ಪೂರ್ತಿಯಾಗಿ, ಹತ್ತಿರದವರ ಜೊತೆ ಕುಳಿತು ನೋಡುವುದಕ್ಕೂ, ಅಂಗೈಯ ಫೋನಿನಲ್ಲಿ ಚೂರು ಚೂರಾಗಿ ನೂರು ಬಾರಿ ಒಬ್ಬನೇ ನೋಡುವುದಕ್ಕೂ ಅಂತರ ಬಹಳ. ಚಿಕ್ಕ ಮಕ್ಕಳಿಗಂತೂ ಈ ಚಿತ್ರಗಳು ಸಲ್ಲವೆಂಬುದೇ ನನ್ನ ಮತ.

ಮುಂದಿನ ಬಾರಿ ಬ್ಯಾಡಗಿಗೆ ಹೋದಾಗ ಸುಗ್ಗಿ ಮುಗಿಯುತ್ತ ಬಂದಿತ್ತು. ಅಕ್ಕನವರು ಅದೇ ಜಾಗದಲ್ಲಿ ಕುಳಿತಿದ್ದರು; ರಾಶಿ ಚಿಕ್ಕದಾಗಿತ್ತು. ನನ್ನನ್ನು ಹತ್ತಿರ ಕೂರಿಸಿಕೊಂಡು, ಮೆಲ್ಲನೆ, "ಅಲ್ಲೋ ತಮ್ಮಾ, ಆ ಕೆಂಪಂಗಿ ಕೂಸು ಕಡೀಕ ಏನಾತು?" ಎಂದು ಕೇಳಿದರು. ಚಿತ್ರದ ಉತ್ತರಾರ್ಧದಲ್ಲಿ, ಹೆಣಗಳನ್ನು ಸಾಗಿಸುವ ಬಂಡಿಯೊಂದರ ಮೇಲೆ ಆ ಕೆಂಪು ಮತ್ತೊಮ್ಮೆ ಕ್ಷಣಕಾಲ ಕಾಣಿಸುತ್ತದೆ. ಆ ಗಳಿಗೆಯಲ್ಲಿ ಅವರು ಸೆರಗಿನಿಂದ ಕಣ್ಣು ಮುಚ್ಚಿಕೊಂಡಿದ್ದರು. ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಸಿನಿಮಾದ ಕೂಸು ಸತ್ತಿತೆಂದು ಹೇಳಿದೆ. ಅವರ ಕೈ ನಿಂತಿತು. ಬಳಿಕ, ನಿಜವಾದ ಇನ್ನೊಂದು ಸಂಗತಿಯನ್ನೂ ಹೇಳಿದೆ: 1994ರಲ್ಲಿ ಆ ಚಿತ್ರವನ್ನು ಕ್ರಾಕೋದಲ್ಲಿ ಮೊದಲ ಸಲ ತೋರಿಸಿದಾಗ ನೋಡಲು ಬಂದಿದ್ದ ರೋಮಾ ಲಿಗೊಟ್ಸ್‌ಕಾ ಎಂಬ ಚಿತ್ರಕಲಾವಿದೆ, ಪರದೆಯ ಮೇಲೆ ತನ್ನ ಬಾಲ್ಯವನ್ನೇ ಕಂಡು ನಡುಗಿದಳು, ಅದೇ ಕೇರಿಯಲ್ಲಿ, ಅಂಥದೇ ಕೆಂಪು ಕೋಟು ತೊಟ್ಟು ತಿರುಗುತ್ತಿದ್ದ ಮಗು ಅವಳು, ಅಡಗಿ, ತಪ್ಪಿಸಿಕೊಂಡು, ಯಾರದೋ ಮನೆಯಲ್ಲಿ ಆಶ್ರಯ ಪಡೆದು ಉಳಿದುಕೊಂಡಳು, ತನ್ನ ಕಥೆಯನ್ನು ತಾನೇ ಪುಸ್ತಕವಾಗಿ ಬರೆದಳು.

ಅಕ್ಕನವರು ಬಹಳ ಹೊತ್ತು ಮಾತಾಡಲಿಲ್ಲ. ಕೈಯಲ್ಲಿದ್ದ ಕಾಯಿಯ ತೊಟ್ಟನ್ನು ಬಿಡಿಸಿ ಪಕ್ಕಕ್ಕಿಟ್ಟು, ಆಕೆ ಹುಟ್ಟಿದ ವರ್ಷ ಯಾವುದೆಂದು ಕೇಳಿದರು. 1938 ಎಂದೆ. ಕೆಂಪಾದ ಬೆರಳುಗಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು.

"ಹಂಗಾರ ನನಗಿಂತ ಹಿರ್ಯಾಕಿ," ಎಂದರು.